ಐವತ್ತು ಸೆಕೆಂಡಿಗೊಮ್ಮೆ ಅತ್ತೆ

ಕಂಪ್ಯೂಟರು ‘ಒಪ್ಪಿಗೆಯೇ?’ ಎಂದು ಕೇಳಿದಾಗ, ಗುಂಡಿ ಒತ್ತುವ ಮೊದಲು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದುವವಳು ನಮ್ಮ ಮನೆಯಲ್ಲಿ ನಾನೊಬ್ಬಳೇ. ನನ್ನ ಗಂಡ ಓದುವುದಿಲ್ಲ. ಅವರು ಸಂಗೀತ ಸಂಯೋಜಕರು. ಮನೆಯ ಹಿಂದಿನ ಕೋಣೆಯೇ ಅವರ ಸ್ಟುಡಿಯೋ. ‘ಓದ್ತಾ ಕೂತ್ರೆ ರಾಗ ಆರಿಹೋಗುತ್ತೆ’ ಎನ್ನುವುದು ಅವರ ವಾದ.

ಆರದೆ ಉಳಿದ ರಾಗಗಳಿಂದ ನಾವು ಪಟ್ಟ ಪಾಡು ನನಗೆ ಗೊತ್ತು. ಒಮ್ಮೆ ಕಂಪ್ಯೂಟರಿನ ಡಿಸ್ಕ್ ಬದಲಾಯಿಸಿದಾಗ, ಅದರೊಳಗಿದ್ದ ಪಿಯಾನೋ ಸಾಫ್ಟ್‌ವೇರು ಇವರನ್ನು ಕಳ್ಳನೆಂದು ತೀರ್ಮಾನಿಸಿ ಬಾಯಿ ಮುಚ್ಚಿಕೊಂಡಿತು. ಅದರ ಪರವಾನಗಿ ಒಂದೇ ಯಂತ್ರಕ್ಕೆ, ಡಿಸ್ಕ್ ಬದಲಾದರೆ ಯಂತ್ರವೇ ಬದಲಾದಂತೆ ಎಂದು ಹದಿನೇಳನೇ ಪುಟದಲ್ಲಿ ಬರೆದಿತ್ತು. ಇನ್ನೊಮ್ಮೆ ಒಂದಿಡೀ ವಾದ್ಯವೃಂದದ ಪರವಾನಗಿ ಬೆರಳುದ್ದದ ಒಂದು ಯುಎಸ್‌ಬಿ ಕಡ್ಡಿಯಲ್ಲಿತ್ತು. ಅದು ಇವರ ಪ್ಯಾಂಟಿನ ಜೇಬಿನಲ್ಲೇ ವಾಷಿಂಗ್ ಮಷೀನಿಗೆ ಹೋಗಿ, ಮುಕ್ಕಾಲು ಗಂಟೆ ಸುತ್ತಿ, ಬಹಳ ಶುಭ್ರವಾಗಿ ಹೊರಬಂತು. ಆಮೇಲೆ ಅದರಿಂದ ಒಂದು ಕೊಳಲೂ ಉಲಿಯಲಿಲ್ಲ.

ಅಂದಿನಿಂದ ಸ್ಟುಡಿಯೋಗೆ ಬರುವ ಪ್ರತಿಯೊಂದು ಸಾಫ್ಟ್‌ವೇರನ್ನೂ ಪರೀಕ್ಷಿಸಿ ವರದಿ ಬರೆಯುವ ಕೆಲಸ ನನ್ನದಾಯಿತು. ನನ್ನ ಹಾಳೆಯಲ್ಲಿ ಐದು ಕಾಲಂಗಳಿವೆ: ವಾದ್ಯ, ಧ್ವನಿ, ಕಂಪ್ಯೂಟರಿನ ಮೇಲೆ ಬೀಳುವ ಭಾರ, ಪರವಾನಗಿಯ ಷರತ್ತು, ಅಭಿಪ್ರಾಯ. ಕೊನೆಯ ಕಾಲಮನ್ನು ನಾನು ಯಾವಾಗಲೂ ಪೆನ್ಸಿಲಿನಲ್ಲಿ ಬರೆಯುತ್ತೇನೆ.

ಈ ಸಲ ಬಂದದ್ದು ವಯೊಲಿನ್. ನಿಜವಾದ ವಾದಕನೊಬ್ಬನನ್ನು ಎಲ್ಲೋ ಕೂರಿಸಿ, ಒಂದೊಂದೇ ಸ್ವರ ನುಡಿಸಿ ಮುದ್ರಿಸಿಕೊಂಡು, ಕೀಬೋರ್ಡಿನ ಕೀಲಿಗಳಿಗೆ ಕಟ್ಟಿಹಾಕಿದ ವರ್ಚುವಲ್ ವಯೊಲಿನ್. ಬೆರಳು ಒತ್ತಿದರೆ ಕಮಾನು ಎಳೆದಂತೆ ಕೇಳುತ್ತದೆ. ಆಸ್ಪತ್ರೆಯೊಂದರ ಕಥೆಯ ಧಾರಾವಾಹಿಗೆ ಇಪ್ಪತ್ತಾರು ಕಂತುಗಳ ಸಂಗೀತ ಮಾಡಿಕೊಡುವಂತೆ ನಿರ್ದೇಶಕರೊಬ್ಬರು ಇವರನ್ನು ಕೇಳಿದ್ದರು. ಶೀರ್ಷಿಕೆ ಸಂಗೀತ ಹಿಡಿಸಿದರೆ ಕೆಲಸ ನಮ್ಮದು.

‘ದಿನಕ್ಕೆ ಮೂರು ಗಂಟೆ ವಯೊಲಿನ್ ಬೇಕು ಕಣೇ,’ ಎಂದರು ಇವರು. ‘ಅಮ್ಮನ ಮಣಿಕಟ್ಟು ತಡೆಯುತ್ತಾ ಹೇಳು. ಇದು ಚೆನ್ನಾಗಿದ್ರೆ ತಗೊಂಡುಬಿಡೋಣ. ಆ ಮೂಲೆಗೆ ಇನ್ನೊಂದು ಮೇಜೂ ಹಾಕಬಹುದು. ನೀನು ಪರೀಕ್ಷೆ ಮಾಡಿ ಬರಿ. ನೀನು ಹೂಂ ಅಂದ್ರೆ ಹೂಂ.’

ಆ ಮೂಲೆ ನನ್ನ ಅತ್ತೆಯದು. ಅತ್ತೆ ಮೂವತ್ತೊಂದು ವರ್ಷ ರೇಡಿಯೋ ನಿಲಯದ ವಾದ್ಯವೃಂದದಲ್ಲಿ, ಎರಡನೇ ಸಾಲಿನಲ್ಲಿ ವಯೊಲಿನ್ ನುಡಿಸಿದವರು. ನಿವೃತ್ತರಾದ ಮೇಲೆ ಮಗನ ಸ್ಟುಡಿಯೋದ ಮೂಲೆಯಲ್ಲಿ ಅವರ ಮರದ ಕುರ್ಚಿ, ಒಂದು ಮೈಕು, ಒಂದು ದೀಪ ಬಂದು ಕೂತವು. ಈಗ ಮಣಿಕಟ್ಟು ನೋವು. ಇಪ್ಪತ್ತು ನಿಮಿಷ ನುಡಿಸಿದರೆ ಕೈ ಇಳಿಬಿಟ್ಟು ಕೂರುತ್ತಾರೆ. ಆದರೂ ಬೆಳಗ್ಗೆ ಹತ್ತು ಗಂಟೆಗೆ, ಕರೆಯಲಿ ಬಿಡಲಿ, ಇಸ್ತ್ರಿ ಮಾಡಿದ ಸೀರೆಯುಟ್ಟು ಆ ಕುರ್ಚಿಯಲ್ಲಿ ಹಾಜರು.

ಅಂದರೆ ನನ್ನ ಹಾಳೆಯ ಐದನೇ ಕಾಲಂ ಅತ್ತೆಯ ಕುರ್ಚಿಯ ಕೆಳಗೇ ಇತ್ತು. ವಯೊಲಿನ್ ಚೆನ್ನಾಗಿದೆ ಎಂದು ಬರೆದರೆ ಅತ್ತೆ ಹೊರಗೆ. ಚೆನ್ನಾಗಿಲ್ಲ ಎಂದು ಬರೆದರೆ ಧಾರಾವಾಹಿ ಹೊರಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರೆ. ನನ್ನ ಕೈಯಲ್ಲಿ ಕೋಲು ಕೂಡ ಇರಲಿಲ್ಲ, ಪೆನ್ಸಿಲು ಮಾತ್ರ.

ಅತ್ತೆಗೆ ನಾನು ಏನೂ ಹೇಳಿರಲಿಲ್ಲ. ಮರುದಿನ ಅಡುಗೆಮನೆಯಲ್ಲಿ ಅವರೇ ಶುರು ಮಾಡಿದರು.

‘ಏನಮ್ಮಾ, ನನ್ನ ಸವತಿ ಬಂದಿದ್ದಾಳಂತೆ?’

‘ಹತ್ತು ದಿನಕ್ಕೆ ಮಾತ್ರ ಅತ್ತೆ. ಬರೀ ಪರೀಕ್ಷೆಗೆ.’

‘ನಾನು ಈ ಮನೆಗೆ ಬಂದಾಗ ನಮ್ಮತ್ತೆಯೂ ಹಾಗೇ ಅಂದಿದ್ರು. ನಲವತ್ತೆರಡು ವರ್ಷ ಆಯ್ತು.’

ನಾನು ಪರವಾನಗಿಯ ನಲವತ್ತೊಂದು ಪುಟಗಳನ್ನೂ ಓದಿದೆ. ಮೂರು ಸಂಗತಿಗಳನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡೆ. ಕೊಂಡ ಮೇಲೆ ಹಿಂದಿರುಗಿಸುವಂತಿಲ್ಲ, ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಪರೀಕ್ಷೆಯ ಅವಧಿಯಲ್ಲಿ ಪ್ರತಿ ಐವತ್ತು ಸೆಕೆಂಡಿಗೊಮ್ಮೆ ವಾದ್ಯ ಎರಡು ಸೆಕೆಂಡು ಮೌನವಾಗುತ್ತದೆ. ಮತ್ತು, ಪರೀಕ್ಷೆಯ ಅವಧಿಯಲ್ಲಿ ಮಾಡಿದ ಯಾವುದನ್ನೂ ಸ್ಟುಡಿಯೋದಿಂದ ಹೊರಕ್ಕೆ ಕಳಿಸುವಂತಿಲ್ಲ.

ಇವರು ಓದದೆ ಸಂಗೀತ ಕಟ್ಟಿದರು. ಎರಡು ನಿಮಿಷ ನಲವತ್ತು ಸೆಕೆಂಡಿನ ರಾಗ, ಚೆನ್ನಾಗಿಯೇ ಇತ್ತು. ಆದರೆ ಐವತ್ತನೇ ಸೆಕೆಂಡಿಗೆ ಯಾರೋ ಕತ್ತು ಹಿಚುಕಿದಂತೆ ವಯೊಲಿನ್ ನಿಂತು, ಎರಡು ಸೆಕೆಂಡು ಬಿಟ್ಟು ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತಿತ್ತು. ಅಂಥ ಮೌನದ ಗುಂಡಿಗಳು ಮೂರು.

‘ಕೊಂಡುಕೊಂಡ್ರೆ ಈ ಮೌನ ಹೋಗುತ್ತೆ,’ ಎಂದೆ.

‘ನಿರ್ದೇಶಕರಿಗೆ ಹಿಡಿಸದೆ ಕೊಂಡುಕೊಂಡು ಏನ್ ಮಾಡ್ಲಿ? ಕೇಳಿಸದೆ ಹಿಡಿಸೋದು ಹೇಗೆ?’

‘ಹೊರಗೆ ಕಳಿಸೋ ಹಾಗಿಲ್ಲರೀ.’

‘ಹಾಗಾದ್ರೆ ಅವರನ್ನೇ ಒಳಗೆ ಕರೆಸೋಣ!’ ಎಂದು ಇವರು ಮೇಜು ಕುಟ್ಟಿದರು. ಕಳಿಸುವುದು ಬೇರೆ, ಕರೆಸಿ ಕೇಳಿಸುವುದು ಬೇರೆ. ಹದಿನೈದು ನಿಮಿಷ ಹುಡುಕಿದರೂ ಅದನ್ನು ತಡೆಯುವ ಸಾಲು ನನಗೆ ಸಿಗಲಿಲ್ಲ. ನಿರ್ದೇಶಕರು ಹತ್ತನೇ ದಿನ ಹನ್ನೊಂದು ಗಂಟೆಗೆ ಬರುತ್ತೇನೆಂದರು.

ಉಳಿದದ್ದು ಆ ಮೂರು ಗುಂಡಿಗಳನ್ನು ಮುಚ್ಚುವ ಕೆಲಸ. ಒಂಬತ್ತನೇ ದಿನ ಇವರು ಅಮ್ಮನ ಮುಂದೆ ತಲೆ ಕೆರೆದುಕೊಂಡು ನಿಂತರು.

‘ಅಮ್ಮಾ, ಮೂರೇ ಮೂರು ಕಡೆ. ಒಂದೊಂದೂ ಎರಡು ಸೆಕೆಂಡು.’

‘ಅವಳು ಉಸಿರು ತಗೊಳ್ಳೋವಾಗ ನಾನು ನುಡಿಸಬೇಕು, ಅಷ್ಟೇ ತಾನೆ?’

‘ಹಾಗಲ್ಲಮ್ಮ...’

‘ಮೂವತ್ತೊಂದು ವರ್ಷ ಎರಡನೇ ಸಾಲಲ್ಲಿ ಕೂತವಳು ನಾನು. ಮೊದಲನೇ ಸಾಲಿನವರು ಕೆಮ್ಮಿದಾಗೆಲ್ಲ ನುಡಿಸಿದ್ದೀನಿ. ಆದ್ರೆ ಸಾಫ್ಟ್‌ವೇರು ಕೆಮ್ಮಿದ್ದಕ್ಕೆ ನುಡಿಸೋದು ಇದೇ ಮೊದಲು. ಮೈಕು ಹಾಕು.’

ಇವರು ಕೈಯೆತ್ತಿ ಸನ್ನೆ ಮಾಡಿದರು. ಐವತ್ತನೇ ಸೆಕೆಂಡಿಗೆ ಅತ್ತೆ ಕಮಾನನ್ನು ಒಮ್ಮೆ ಎಳೆದರು. ಒಂದು ನಿಮಿಷ ನಲವತ್ತೆರಡಕ್ಕೆ ಇನ್ನೊಮ್ಮೆ. ಮೂರನೆಯದಕ್ಕೆ ಕಾಯುತ್ತಿದ್ದಾಗ ಅವರ ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಬಗ್ಗಿ ಹುಡುಕಿ ತಲೆಯೆತ್ತುವಷ್ಟರಲ್ಲಿ ಎರಡು ಸೆಕೆಂಡು ಮುಗಿದುಹೋಗಿತ್ತು. ಮೈಕಿಗೆ ಸಿಕ್ಕಿದ್ದು ಕುರ್ಚಿ ಮಾತ್ರ: ಕಿರ್‌ರ್‌ರ್...

‘ಇನ್ನೊಂದ್ಸಲ?’ ಎಂದರು ಇವರು.

‘ಕೈ ಮುಗಿಯಿತು,’ ಎಂದರು ಅತ್ತೆ. ನಮಸ್ಕಾರ ಮಾಡಲಿಲ್ಲ, ನಿಜವಾಗಿಯೂ ಕೈ ಮುಗಿದಿತ್ತು. ಮಣಿಕಟ್ಟಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಹೋಗಿ ಮಲಗಿದರು. ಕೊನೆಯಲ್ಲಿ ಹೇಗೂ ಡ್ರಮ್ಮು ಬರುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ ಎಂದು ಇವರು ಅದನ್ನು ಹಾಗೇ ಬಿಟ್ಟರು.

ನಾನು ಬಿಡಲಿಲ್ಲ. ನಾಳೆ ನಿರ್ದೇಶಕರ ಎದುರಿಗೆ ಅತ್ತೆ ಆ ಕುರ್ಚಿಯಲ್ಲಿ ಕೂತರೆ, ಅದು ಮತ್ತೆ ಕಿರುಗುಟ್ಟಿದರೆ, ನಿರ್ದೇಶಕರು ತಲೆಯಾಡಿಸಿ ಎದ್ದು ಹೋದರೆ? ಆಗ ಕುರ್ಚಿಯೂ ಹೋಗುತ್ತದೆ, ಧಾರಾವಾಹಿಯೂ ಹೋಗುತ್ತದೆ. ಹತ್ತನೇ ದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಹೊಲಿಗೆ ಯಂತ್ರದ ಎಣ್ಣೆ ಡಬ್ಬಿ ತಂದು, ಕುರ್ಚಿಯ ಸಂದುಸಂದಿಗೂ ನಾಲ್ಕು ನಾಲ್ಕು ಹನಿ ಬಿಟ್ಟೆ. ಕೂತು ನೋಡಿದೆ, ಎದ್ದು ನೋಡಿದೆ. ಪಿಟ್ಟೆನ್ನಲಿಲ್ಲ. ಇಷ್ಟು ಒಳ್ಳೆಯ ಕೆಲಸ ಮಾಡಿ ಎಷ್ಟು ದಿನವಾಯಿತು ಎಂದುಕೊಂಡೆ.

ನಿರ್ದೇಶಕರು ಬಂದರು. ದಪ್ಪ ಕನ್ನಡಕದ, ಮಾತು ಕಡಿಮೆಯ ದೊಡ್ಡ ಆಳು. ಅತ್ತೆ ‘ನನಗೇನು ಅಲ್ಲಿ ಕೆಲಸ’ ಎಂದು ಒಳಗೇ ಉಳಿದರು. ಆದರೆ ಬಾಗಿಲು ನಾಲ್ಕು ಬೆರಳು ತೆರೆದಿತ್ತು, ಸಂದಿಯಲ್ಲಿ ಇಸ್ತ್ರಿಯಾದ ಸೆರಗು ಕಾಣುತ್ತಿತ್ತು. ನಿರ್ದೇಶಕರು ಕಣ್ಣು ಮುಚ್ಚಿ ಕೇಳಿದರು. ಮತ್ತೆ ಹಾಕಿ ಎಂದರು. ಮತ್ತೊಮ್ಮೆ ಎಂದರು. ನಾನು ನನ್ನ ಪೆನ್ಸಿಲಿನ ತುದಿ ಕಡಿಯುತ್ತಾ ನಿಂತಿದ್ದೆ.

‘ಎಲ್ಲಾ ಸರಿಯಾಗಿದೆ,’ ಎಂದರು ಕೊನೆಗೆ. ‘ಸರಿಯಾಗಿದೆ, ಅಷ್ಟೇ. ಆದ್ರೆ ಐವತ್ತನೇ ಸೆಕೆಂಡಿಗೆ ಏನೋ ಆಗುತ್ತಲ್ಲ? ಆಮೇಲೆ ಇನ್ನೊಂದು ಕಡೆ? ಅಲ್ಲಿ ಯಾರೋ ಇದ್ದಾರೆ.’

ಇವರ ಮುಖದಲ್ಲಿ ಬಣ್ಣ ಬಂತು, ಹೋಯಿತು.

‘ಮತ್ತೆ ಆ ಮೂರನೇದು,’ ಎಂದು ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. ‘ಕೊನೇಲಿ ಬರುತ್ತಲ್ಲ, ಡ್ರಮ್ಮಿಗೆ ಮುಂಚೆ. ರೋಗಿ ಪಕ್ಕದಲ್ಲಿ ತುಂಬ ಹೊತ್ತು ಕೂತವರು ಮೆಲ್ಲಗೆ ಎದ್ದ ಹಾಗೆ. ನಮ್ಮ ಕಥೆ ಪೂರ್ತಿ ಅಲ್ಲೇ ಇದೆ ಕಣ್ರೀ. ಪ್ರತಿ ಕಂತಿನ ಕೊನೆಗೂ ಅದು ಬೇಕು ನನಗೆ. ಯಾವ ಸಾಫ್ಟ್‌ವೇರು ಅದು?’

‘ಅದು... ಹೊಸದು. ಹೆಸರು...’ ಎಂದು ಇವರು ನನ್ನ ಕಡೆ ನೋಡಿದರು. ಹೆಸರುಗಳ ಪಟ್ಟಿ ಇಟ್ಟುಕೊಳ್ಳುವವಳು ನಾನಲ್ಲವೇ. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಬಂದರೂ ತಯಾರಿಗೆ ಎರಡು ದಿನ ಬೇಕು.

‘ನಮ್ಮ ಅತ್ತೆ,’ ಎಂದೆ.

‘ಓಹೋ. ಹೊಸ ಕಂಪನಿನಾ?’

‘ಹಳೇದೇ,’ ಎಂದರು ಅತ್ತೆ, ಬಾಗಿಲು ತಳ್ಳಿಕೊಂಡು ಒಳಬರುತ್ತಾ.

ನಿರ್ದೇಶಕರು ತಟ್ಟನೆ ಎದ್ದು ನಿಂತರು. ‘ನೀವಾ ಅಮ್ಮಾ ಅದು? ಆ ಮೂರನೇದನ್ನ ಒಂದೇ ಒಂದ್ಸಲ ಮಾಡಿ ತೋರಿಸ್ತೀರಾ?’

ಅತ್ತೆ ಹೋಗಿ ಕುರ್ಚಿಯಲ್ಲಿ ಕೂತರು. ಏನೂ ಇಲ್ಲ. ಸ್ವಲ್ಪ ಮುಂದೆ ಬಗ್ಗಿದರು. ಏನೂ ಇಲ್ಲ. ಹಿಂದಕ್ಕೆ ಒರಗಿದರು, ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ದೂರದಿಂದ ನೋಡಿದವರಿಗೆ ಅತ್ತೆ ದೋಣಿಯಲ್ಲಿ ಹೋಗುತ್ತಿದ್ದಾರೆ ಅನ್ನಿಸುತ್ತಿತ್ತು. ಕುರ್ಚಿ ಹೂವಿನ ಹಾಗೆ ಮೌನವಾಗಿತ್ತು. ಇವರು ಹುಬ್ಬು ಗಂಟಿಕ್ಕಿ ಕುರ್ಚಿಯ ಕಾಲು ನೋಡಿದರು. ಅತ್ತೆ ಮೂಗರಳಿಸಿ ಗಾಳಿ ಮೂಸಿದರು. ಆಮೇಲೆ ಅವರ ದೃಷ್ಟಿ ನಿಧಾನವಾಗಿ ಬಂದು ನನ್ನ ಕೈಯ ಮೇಲೆ ನಿಂತಿತು. ಯಾರೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನಾಗಿಯೇ ಎರಡೂ ಕೈಗಳನ್ನು ಸೆರಗಿನ ಹಿಂದೆ ಮರೆಮಾಡಿದೆ.

ಅತ್ತೆ ನನ್ನನ್ನು ನೋಡುತ್ತಲೇ ವಯೊಲಿನ್ ಎತ್ತಿಕೊಂಡರು. ಕಮಾನನ್ನು ತಂತಿಗಳು ಹತ್ತಿ ಇಳಿಯುವ, ಕುದುರೆ ಎಂಬ ಪುಟ್ಟ ಮರದ ಸೇತುವೆಯ ಆಚೆ ಬದಿಗೆ, ಯಾರೂ ನುಡಿಸದ ಆ ಗಿಡ್ಡ ತಂತಿಗಳ ಮೇಲಿಟ್ಟು, ಭಾರ ಬಿಟ್ಟು, ಬಹಳ ಮೆಲ್ಲಗೆ ಎಳೆದರು.

ಕಿರ್‌ರ್‌ರ್...

ಕುರ್ಚಿಯೇ. ಕುರ್ಚಿಗಿಂತ ಚೆನ್ನಾಗಿತ್ತು. ಯಾರೋ ಎದ್ದರು, ಒಂದು ಕ್ಷಣ ನಿಂತರು, ಹೊರಡಲಾರದೆ ಮತ್ತೆ ಕೂತರು. ಎರಡೇ ಸೆಕೆಂಡು.

‘ಇದೇ!’ ಎಂದರು ನಿರ್ದೇಶಕರು. ‘ನೋಡಿದ್ರಾ, ಇದನ್ನ ಯಾವ ಸಾಫ್ಟ್‌ವೇರು ಮಾಡುತ್ತೆ?’

‘ಮಾಡಲ್ಲ,’ ಎಂದರು ಅತ್ತೆ. ‘ಆದ್ರೆ ಒಂದು ಮಾತು. ನಿನ್ನೆ ಇದನ್ನ ಮಾಡಿದ್ದು ನಾನಲ್ಲ, ಈ ಕುರ್ಚಿ. ಇವತ್ತು ಅದಕ್ಕೆ ಹುಷಾರಿಲ್ಲ. ಅದಕ್ಕೇ ನಾನು ನುಡಿಸಿದೆ.’

ಇವರು ಕಣ್ಣು ಮುಚ್ಚಿಕೊಂಡರು. ನಿರ್ದೇಶಕರು ಕುರ್ಚಿಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ, ಬಂದ ಮೇಲೆ ಮೊದಲ ಸಲ, ಹೊಟ್ಟೆ ಕುಲುಕುವಷ್ಟು ನಕ್ಕರು. ‘ಇಬ್ಬರೂ ಇರಲಿ,’ ಎಂದು ಇವರ ಕೈ ಕುಲುಕಿದರು. ‘ಇಪ್ಪತ್ತಾರು ಕಂತಿಗೂ.’

ಅವರ ಕಾರು ತಿರುವು ದಾಟುವ ಮೊದಲೇ ಇವರು ಲೆಕ್ಕಾಚಾರ ಶುರು ಮಾಡಿದರು. ‘ಅಮ್ಮಾ, ದಿನಾ ಮೂರು ಗಂಟೆ...’

‘ಉದ್ದದ್ದೆಲ್ಲ ಅವಳು ನುಡಿಸಲಿ,’ ಎಂದರು ಅತ್ತೆ. ‘ಅವಳಿಗೆ ಮಣಿಕಟ್ಟಿಲ್ಲ. ಎರಡೆರಡು ಸೆಕೆಂಡು ನಂದು. ಏನಮ್ಮಾ, ಅವಳ ಷರತ್ತೆಲ್ಲ ನಲವತ್ತು ಪುಟ ಓದಿದೆಯಲ್ಲ, ನಂದೂ ಒಂದು ಬರ್ಕೋ.’

‘ನಲವತ್ತೊಂದು ಪುಟ ಅತ್ತೆ,’ ಎಂದು ಹಾಳೆ ತೆಗೆದೆ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ.

‘ಒಂದೇ ಕೋಣೆಗೆ, ಒಂದೇ ಮೂಲೆಗೆ. ಬೇರೆ ಯಾರಿಗೂ ದಾಟಿಸೋ ಹಾಗಿಲ್ಲ. ಮೂಲೇಲಿ ಮೇಜು ಹಾಕಿದ್ರೆ ಪರವಾನಗಿ ರದ್ದು. ಪರೀಕ್ಷೆ ಗಿರೀಕ್ಷೆ ಇಲ್ಲ, ನಲವತ್ತೆರಡು ವರ್ಷ ಆಗಿದೆ. ಇಪ್ಪತ್ತು ನಿಮಿಷಕ್ಕೊಂದ್ಸಲ ಮೌನ ಆಗ್ತೀನಿ, ಆಗ ಯಾರೂ ಬಂದು ಗುಂಡಿ ಒತ್ತಬಾರದು.’

ಐದನೇ ಕಾಲಮಿನ ಮುಂದೆ ನನ್ನ ಪೆನ್ಸಿಲು ನಿಂತಿತು. ಆಮೇಲೆ ಪೆನ್ಸಿಲನ್ನು ಕೆಳಗಿಟ್ಟು ಪೆನ್ನು ತೆಗೆದುಕೊಂಡೆ. ಮೊದಲ ಸಾಲಿನಲ್ಲಿ, ವಾದ್ಯ: ವಯೊಲಿನ್, ಸಾಫ್ಟ್‌ವೇರು. ಅಭಿಪ್ರಾಯ: ಕೊಳ್ಳಬಹುದು, ಒಂಟಿಯಾಗಿ ಬಿಡಬಾರದು. ಎರಡನೇ ಸಾಲಿನಲ್ಲಿ, ವಾದ್ಯ: ಕುರ್ಚಿ. ಅಸಲಿ ಸದ್ಯಕ್ಕೆ ಲಭ್ಯವಿಲ್ಲ. ವರ್ಚುವಲ್ ಕುರ್ಚಿ, ತಯಾರಕರು: ಅತ್ತೆ. ಅಭಿಪ್ರಾಯ: ಅಸಲಿಗಿಂತ ಉತ್ತಮ.

ಇವರು ಎಂದಿನಂತೆ ಓದದೆ ಸಹಿ ಹಾಕಿದರು. ಅತ್ತೆ ಹಾಕಲಿಲ್ಲ. ಕನ್ನಡಕ ಏರಿಸಿ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ, ಬೆರಳಿಟ್ಟು ನಿಧಾನವಾಗಿ ಓದಿದರು. ಈ ಮನೆಯಲ್ಲಿ ನನ್ನಂಥವರು ಇನ್ನೊಬ್ಬರಿದ್ದಾರೆಂದು ನನಗೆ ಇಷ್ಟು ದಿನ ಗೊತ್ತೇ ಇರಲಿಲ್ಲ.

‘ಅಸಲಿ ಯಾಕೆ ಲಭ್ಯವಿಲ್ಲ ಅಂತ ಬರೆದಿಲ್ಲವಲ್ಲ?’ ಎಂದರು.

ನಾನು ಪೆನ್ನಿಗೆ ಮುಚ್ಚಳ ಹಾಕತೊಡಗಿದೆ.

‘ಇರಲಿ ಬಿಡು. ಕೆಳಗೆ ಒಂದು ಸಾಲಿಗೆ ಜಾಗ ಇದೆ. ಬರಿ.’

ಬರೆದೆ: ಹೊಲಿಗೆ ಯಂತ್ರದ ಎಣ್ಣೆ ಡಬ್ಬಿ ಇಂದಿನಿಂದ ಅತ್ತೆಯ ವಶದಲ್ಲಿರತಕ್ಕದ್ದು.

ಆಗ ಅವರು ಸಹಿ ಹಾಕಿದರು.