ದಣಿದು ನಿಲ್ಲುವ ಹರಕೆ

ಜಗದಾಂಬಾ ಹೊಲಿದ ರವಿಕೆ ತೊಡದೆ ಮದುವೆಯಾದ ಹುಡುಗಿ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಈವರೆಗೆ ಹುಟ್ಟಿಲ್ಲ. ಮಗುವಾಗಿದ್ದಾಗ ಬಂದ ಪೋಲಿಯೊ ಆಕೆಯ ಎರಡೂ ಕಾಲುಗಳ ಬಲ ಕಸಿದಿತ್ತು. ಆ ಬಲವೆಲ್ಲ ಮೇಲೇರಿ ತೋಳು ಸೇರಿತ್ತು. ಹೊಲಿಗೆ ಮೆಷಿನ್ನಿನ ಚಕ್ರವನ್ನು ಆಕೆ ಕೈಯಲ್ಲಿ ತಿರುಗಿಸಿದರೆ ಏಳುವ ಗಾಳಿಗೆ ಎದುರಿನ ಹೋಟೆಲಿನವನು ಬೇಸಿಗೆಯಲ್ಲೂ ಫ್ಯಾನು ಹಾಕುತ್ತಿರಲಿಲ್ಲ.

ಆ ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುವವಳು ಹಪ್ಪಳ ಮಾರುವ ಸುಬ್ಬಲಕ್ಷ್ಮಿ, ಬಾಲ್ಯದ ಗೆಳತಿ. ಆಕೆ ಹಪ್ಪಳ ಕರಿದರೆ ಸಕ್ರೆಬೈಲಿನ ಆನೆಗಳು ಸೊಂಡಿಲೆತ್ತಿ ಇತ್ತ ತಿರುಗುತ್ತವೆ. ಮಾತಿಗೆ ನಿಂತರೆ ತುಂಗೆಯೂ ಒಂದು ಗಳಿಗೆ ನಿಂತು ಕೇಳಿಸಿಕೊಂಡೇ ಮುಂದೆ ಹರಿಯುವುದು.

ಶಿವರಾತ್ರಿ ಹತ್ತಿರವಾಗಿತ್ತು. ಗಾಂಧಿ ಬಜಾರಿನ ಬಟ್ಟೆ ವ್ಯಾಪಾರಿ ವಿಶ್ವಾರಾಧ್ಯರು ಎಂದಿನಂತೆ ಧರ್ಮಸ್ಥಳದ ಪಾದಯಾತ್ರೆಗೆ ತಂಡ ಕಟ್ಟುತ್ತಿದ್ದರು. ಹೊಲಿಯಲು ಬಟ್ಟೆ ಕೊಡಲು ಬಂದ ಅವರಿಗೆ ಜಗದಾಂಬಾ ನೂಲು ಕಚ್ಚಿ ತುಂಡರಿಸುತ್ತ ಹೇಳಿದಳು:

“ಅಣ್ಣಾ, ಈ ಸಲ ನಾನೂ ಬರ್ತೀನಿ. ಮೂರು ಚಕ್ರದ ಸೈಕಲ್ಲಲ್ಲಿ, ಕೈಪೆಡಲ್ ತಿರುಗಿಸ್ಕೊಂಡು.”

“ಜಗದಾಂಬಕ್ಕಾ, ಚಕ್ರದ ಮೇಲೆ ಹೋದ್ರೆ ಪಾದಯಾತ್ರೆ ಹೇಗಾಗುತ್ತೆ? ನಾವು ಚಪ್ಪಲೀನೂ ಹಾಕಲ್ಲ. ಚಾರ್ಮಾಡಿ ಘಾಟಿ ಬೇರೆ ಇದೆ. ನೀವು ಬಿದ್ರೆ ಊರು ಕೇಳೋದು ನನ್ನನ್ನ. ಕಾಯಿ ಕೊಡಿ, ನಾನೇ ಸ್ವಾಮಿಗೆ ಒಪ್ಪಿಸಿ ಪ್ರಸಾದ ತಂದ್ಕೊಡ್ತೀನಿ.”

“ಬಸ್ಸಲ್ಲಿ ಹೋಗಿ ನಾನೇ ಎಷ್ಟೋ ಸಲ ಕಾಯಿ ಕೊಟ್ಟು ಬಂದಿದೀನಿ.”

“ಮತ್ತಿನ್ನೇನು? ಕಾಲು ಸರಿಯಾಗ್ಲಿ ಅಂತ ಹರಕೆಯಾ?”

“ಕಾಲು ಬಂದ್ರೆ ಈ ಸೈಕಲ್ ಯಾರಿಗೆ ಕೊಡ್ಲಿ ಅಣ್ಣಾ?” ಎಂದು ನಕ್ಕ ಜಗದಾಂಬಾ ಸೂಜಿಗೆ ನೂಲು ಪೋಣಿಸಿದಳು. “ಎಲ್ಲರೂ ದಣಿದು ಬಂದು ಸ್ವಾಮಿ ಮುಂದೆ ನಿಲ್ತಾರೆ. ನನ್ನನ್ನ ಮಾತ್ರ ಯಾರಾದ್ರೂ ಎತ್ಕೊಂಡು ಬಂದು ಇಡ್ತಾರೆ. ಒಂದ್ಸಲ ನಾನೂ ದಣಿದು ಹೋಗ್ಬೇಕು.”

ವಿಶ್ವಾರಾಧ್ಯರು ಬಾಯಿ ತೆರೆಯುವ ಮುನ್ನವೇ ಸುಬ್ಬಲಕ್ಷ್ಮಿ ನುಗ್ಗಿದಳು. “ಇವಳ ತೋಳಿನ ವಿಷಯ ನಿಮಗೆ ಗೊತ್ತಿಲ್ಲ. ಮೊನ್ನೆ ಚಿಲಕ ಗಟ್ಟಿ ಅಂತ ಎಳೆದ್ಲು, ಬಾಗಿಲೇ ಕೈಗೆ ಬಂತು! ಅವಳ ಜೊತೆ ನಾನಿರ್ತೀನಿ.”

“ಅದೇ ಭಯ ನನಗೆ,” ಎಂದರು ವಿಶ್ವಾರಾಧ್ಯರು. “ಆಯ್ತು. ಮೊದಲ ದಿನ ಭದ್ರಾವತಿವರೆಗೆ ಬನ್ನಿ. ಕತ್ತಲಾಗೋದ್ರೊಳಗೆ ತಲುಪದಿದ್ರೆ ಸಾಮಾನಿನ ವ್ಯಾನಲ್ಲಿ ವಾಪಸ್ ಮನೆಗೆ. ಒಪ್ಪಿಗೆಯಾ?”

“ಒಪ್ಪಿಗೆ.”

ಹೊರಟ ದಿನದ ಬಿಸಿಲು ಎಂಥದ್ದೆಂದರೆ, ರಸ್ತೆಯ ಮೇಲೆ ಹಪ್ಪಳವಿಟ್ಟರೆ ಎಣ್ಣೆಯಿಲ್ಲದೆ ಅರಳುತ್ತಿತ್ತು. ಮಲವಗೊಪ್ಪದವರೆಗೆ ಜಗದಾಂಬಾ ತಂಡದ ಜೊತೆಗೇ ಇದ್ದಳು. ನಿದಿಗೆ ದಾಟಿ ರಸ್ತೆ ಏರತೊಡಗಿದಾಗ ಹಿಂದೆ ಬಿದ್ದಳು. ಎಲ್ಲರೂ ಮತ್ತೆ ಮತ್ತೆ ನಿಂತು ಕಾಯಬೇಕಾಯಿತು. ವಿಶ್ವಾರಾಧ್ಯರು ಸುಬ್ಬಲಕ್ಷ್ಮಿಯ ಹತ್ತಿರ ಬಂದು, “ಹಿಂದಿನಿಂದ ಸ್ವಲ್ಪ ತಳ್ಳಿ. ಅವರಿಗೆ ಗೊತ್ತಾಗೋದು ಬೇಡ,” ಎಂದು ಪಿಸುಗುಟ್ಟಿ ಮುಂದೆ ನಡೆದರು.

ಸುಬ್ಬಲಕ್ಷ್ಮಿ ತಳ್ಳಿದಳು. ಕೈಪೆಡಲ್ಲು ಇದ್ದಕ್ಕಿದ್ದಂತೆ ಹಗುರವಾದದ್ದೇ ಜಗದಾಂಬಾ ಬ್ರೇಕು ಹಿಡಿದಳು.

“ಸುಬ್ಬೀ, ಕೈ ತೆಗಿ.”

“ನಾನೇನು ಮಾಡಿದ್ನೇ ಮಾರಾಯ್ತಿ? ಹಿಂದಿನಿಂದ ಗಾಳಿ ಜೋರಿದೆ.”

“ಗಾಳಿ ಬಳೆ ತೊಡುತ್ತಾ? ಸದ್ದು ಕೇಳಿಸ್ತು.”

ಸಿಕ್ಕಿಬಿದ್ದ ಸುಬ್ಬಲಕ್ಷ್ಮಿ ಕಣ್ಣು ತುಂಬಿಕೊಂಡು ಸೈಕಲ್ಲಿನ ಪಕ್ಕಕ್ಕೆ ಬಂದಳು. “ನಿನ್ನ ವಾಪಸ್ ಕಳಿಸಿಬಿಡ್ತಾರೆ ಅಂತ ಭಯ ಆಯ್ತು ಕಣೇ. ಗೆಳತಿ ತಳ್ಳಿದ್ರೆ ತಪ್ಪೇನು?”

“ಘಾಟಿಯಲ್ಲಿ ಆಗದಿದ್ರೆ ನಾನೇ ಕೇಳ್ತೀನಿ, ಆಗ ತಳ್ಳು. ಕೇಳದೆ ತಳ್ಳಿದ್ರೆ ನಾನು ಸಾಮಾನು. ಸಾಮಾನಿಗೆ ವ್ಯಾನ್ ಇದೆಯಲ್ಲ.”

ಸುಬ್ಬಲಕ್ಷ್ಮಿ ಮೌನವಾದಳು. ಅಂಥ ವಿಚಿತ್ರ ಆ ಹೆದ್ದಾರಿಯಲ್ಲಿ ಹಿಂದೆಂದೂ ನಡೆದಿರಲಿಲ್ಲ. ಲಾರಿಗಳೇ ಗಾಬರಿಬಿದ್ದು ನಿಧಾನಿಸಿದವು. ತಂಡ ಕಣ್ಣಿಗೆ ಕಾಣದಷ್ಟು ಮುಂದೆ ಹೋಯಿತು. ಜಗದಾಂಬಾ ಅರ್ಧ ಸುತ್ತು ತಿರುಗಿಸುವಳು, ಬ್ರೇಕು ಹಿಡಿಯುವಳು, ಉಸಿರೆಳೆದುಕೊಂಡು ಮತ್ತೆ ಅರ್ಧ ಸುತ್ತು.

“ಸುಬ್ಬೀ, ಹೀಗೆ ಸುಮ್ಮನೆ ಬಂದ್ರೆ ದಾರಿ ಉದ್ದ ಆಗುತ್ತೆ. ಏನಾದ್ರೂ ಸುಳ್ಳು ಹೇಳೇ.”

“ಸುಳ್ಳಾ? ನಾನು ಯಾವತ್ತು ಸುಳ್ಳು ಹೇಳಿದೀನಿ?” ಸುಬ್ಬಲಕ್ಷ್ಮಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಮ್ಮಜ್ಜ ಗಾಜನೂರಿಂದ ಹುಲಿ ಮೇಲೆ ಕೂತು ಸಂತೆಗೆ ಬರ್ತಿದ್ರು, ಅದು ಸುಳ್ಳಾ? ಹೊಳೆ ಹತ್ರ ಬಂದ್ರೆ ಹುಲಿಗೆ ನೀರು ಅಂದ್ರೆ ಹೆದರಿಕೆ. ಆಮೇಲೆ ಅಜ್ಜನೇ ಅದನ್ನ ಹೊತ್ಕೊಂಡು ದಾಟ್ಬೇಕು!”

ಜಗದಾಂಬಾಳನ್ನು ವ್ಯಾನು ಹತ್ತಿಸಿಬಿಡಬೇಕೆಂದು ವಿಶ್ವಾರಾಧ್ಯರು ಬರಿಗಾಲಲ್ಲಿ ಬಂದ ದಾರಿಯನ್ನೇ ಹಿಂದಕ್ಕೆ ನಡೆದರು. ದೂರದಿಂದಲೇ ಅವರಿಗೆ ನಗು ಕೇಳಿಸಿತು. ಹತ್ತಿರ ಬಂದಾಗ ಕಂಡದ್ದು ಜಗದಾಂಬಾಳ ಅಂಗೈಗಳಿಗೆ ಸುತ್ತಿದ ಬಟ್ಟೆ, ಅದರಲ್ಲಿ ಒಸರಿದ ಕೆಂಪು. ಹಿಂದೆ ಬರುತ್ತಿದ್ದ ವ್ಯಾನಿಗೆ ಮುಂದೆ ಹೋಗೆಂದು ಕೈಬೀಸಿ, ಗೆಳತಿಯರ ಹಿಂದೆ ನಡೆದರು.

ಭದ್ರಾವತಿ ತಲುಪಿದಾಗ ಬೀದಿದೀಪಗಳು ಹತ್ತಿದ್ದವು. ತಂಡ ತಂಗುವುದು ಕಾರ್ಖಾನೆಯ ನಿವೃತ್ತ ನೌಕರರೊಬ್ಬರ ಮನೆಯಲ್ಲಿ. ಅವರ ಹೆಂಡತಿ ಮೀರಮ್ಮ ಅಂಗಳದಲ್ಲಿ ಯಾತ್ರಿಗಳನ್ನು ಸಾಲಾಗಿ ಕೂರಿಸಿ, ಅರಿಸಿನ ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಕಾಲು ತೊಳೆಯುತ್ತಿದ್ದರು. ನಡೆದು ಬಂದವರಿಗೆ ಅದು ಅವರು ಪ್ರತಿ ವರ್ಷ ಮಾಡುವ ಸೇವೆ. ಚೊಂಬು ಹಿಡಿದು ಜಗದಾಂಬಾಳ ಎದುರು ಬಂದವರು, ಸೀರೆಯೊಳಗೆ ಮಡಚಿಕೊಂಡ ಕಾಲು ನೋಡಿ ತಡೆದರು. “ಅಯ್ಯೋ ಪಾಪ,” ಎನ್ನುತ್ತ ಪಕ್ಕದ ಸುಬ್ಬಲಕ್ಷ್ಮಿಯ ಮುಂದೆ ಬಾಗಿದರು.

ಸುಬ್ಬಲಕ್ಷ್ಮಿ ಕಾಲು ಹಿಂದಕ್ಕೆಳೆದುಕೊಂಡಳು. “ಮೊದಲು ಅವಳಿಗೆ.”

“ಎಲ್ಲಿಗೆ ಹಾಕ್ಲಿ ತಾಯಿ?” ಮೀರಮ್ಮ ನಿಜಕ್ಕೂ ತಿಳಿಯದೆ ಕೇಳಿದರು.

ಜಗದಾಂಬಾ ವಿಶ್ವಾರಾಧ್ಯರತ್ತ ತಿರುಗಿದಳು. “ಬಿಡಿ ಅಣ್ಣಾ. ಕತ್ತಲಾಯ್ತು. ಮಾತು ಅಂದ್ರೆ ಮಾತು. ವ್ಯಾನ್ ಎಲ್ಲಿದೆ?”

ವಿಶ್ವಾರಾಧ್ಯರು ಮೀರಮ್ಮನ ಕೈಯಿಂದ ಚೊಂಬು ತೆಗೆದುಕೊಂಡು ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

“ಕೈ ಕೊಡಿ ಅಕ್ಕಾ.”

ಬಟ್ಟೆಯ ಸುತ್ತು ಬಿಚ್ಚಿ, ಬೊಬ್ಬೆ ಒಡೆದ ಅಂಗೈಗಳ ಮೇಲೆ ನೀರೆರೆದರು.

“ಉರಿಯುತ್ತಾ?”

“ಉರಿಯುತ್ತೆ ಅಣ್ಣಾ. ಇನ್ನೂ ಸ್ವಲ್ಪ ಹಾಕಿ.”

“ನಾಳೆ ತರೀಕೆರೆ. ತಂಪು ಹೊತ್ತಲ್ಲೇ ಹೊರಡೋಣ,” ಎಂದರು ವಿಶ್ವಾರಾಧ್ಯರು, ತಲೆ ಎತ್ತದೆ. “ನಿಮ್ಮ ಸೈಕಲ್ ಎಲ್ಲರಿಗಿಂತ ಮುಂದೆ ಇರ್ಲಿ. ನೀವು ಹೋದ ಹಾಗೆ ನಾವು ಬರ್ತೀವಿ.”

ಜಗದಾಂಬಾ ಒದ್ದೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

“ಮುಂದೆ ಬೇಡಣ್ಣಾ, ಹಿಂದೇನೂ ಬೇಡ. ಎಲ್ಲರ ಮಧ್ಯೆ ಇರ್ತೀನಿ.”