ಇಪ್ಪತ್ತೆಂಟು ಡಿಗ್ರಿಯ ಸಮುದ್ರ

ಸಂತೆಬಾಚಹಳ್ಳಿಯಿಂದ ಮೂರು ಮೈಲಿ ಆಚೆಯ ಆ ಊರಿನಲ್ಲಿ ಜಯಲಕ್ಷ್ಮಮ್ಮ ಹೇಳಿದ ಅಂಕಿಗೆ ಮೇಲ್ಮನವಿ ಇರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಅವಳು ಡೇರಿಯ ಹಾಲು ಪರೀಕ್ಷಕಿ. ಬೆಳಿಗ್ಗೆ, ಸಂಜೆ ಲ್ಯಾಕ್ಟೋಮೀಟರನ್ನು ಹಾಲಿಗೆ ಇಳಿಬಿಟ್ಟು, ಅದು ಓಲಾಡುವುದನ್ನು ನಿಲ್ಲಿಸುವ ತನಕ ಕಾದು, ಒಂದು ಅಂಕಿ ಹೇಳುತ್ತಿದ್ದಳು. ಇಪ್ಪತ್ತೆಂಟು ಡಿಗ್ರಿ ಮುಟ್ಟಿದರೆ ಪಾಸು, ಮುಟ್ಟದಿದ್ದರೆ ನೀರು ಬೆರೆಸಿದ್ದಾರೆಂದು ಅರ್ಥ, ಕ್ಯಾನು ವಾಪಸು. ಸ್ವಂತ ಮೈದುನನ ಕ್ಯಾನನ್ನೂ ಎರಡು ಸಲ ವಾಪಸು ಕಳಿಸಿದ್ದಳು. ಅದಾದ ಮೇಲೆ ಒಂದು ವರ್ಷ, ಇವರ ಮನೆಯಲ್ಲಿ ಶುಭಕಾರ್ಯವೆಂದರೆ ಸಾಕು, ಮೈದುನನ ಹೆಂಡತಿಗೆ ತಲೆನೋವು ಬರುತ್ತಿತ್ತು.

ಇಂಥವಳಿಗೆ ಸಮುದ್ರದ ನಂಟು ಅಂಟಿಸಿದವರು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ರಘುನಂದನ್. ಕರಾವಳಿಯ ಒಂದು ಕಡಲ ಅಧ್ಯಯನ ಕೇಂದ್ರದವರು ಸಮುದ್ರ ಕಾಣದ ಊರುಗಳ ಶಾಲೆಗಳಿಗೆ ಐದು ದಿನದ ಶಿಬಿರ ಇಟ್ಟಿದ್ದರು. ಎಂಟು ಮಕ್ಕಳು, ಒಬ್ಬ ಶಿಕ್ಷಕರು, ಊರಿನ ಒಬ್ಬ ಸ್ವಯಂಸೇವಕರು ಬರಬಹುದು. ಹೆಣ್ಣುಮಕ್ಕಳಿದ್ದದ್ದರಿಂದ ಹೆಂಗಸರೇ ಬೇಕಾಯಿತು, ಜಯಲಕ್ಷ್ಮಮ್ಮ ಹೋದಳು. ಅಲ್ಲಿ ಕಡಲು ಹಿಂದೆ ಸರಿದ ಇಳಿತದ ಹೊತ್ತಿನಲ್ಲಿ ಬಂಡೆಯ ಮೇಲೆ ಮಂಡಿಯೂರಿ, ಪೈಪಿನ ಚೌಕಟ್ಟು ಇಟ್ಟು, ಅದರೊಳಗೆ ಸಿಕ್ಕ ಬಸವನಹುಳುಗಳನ್ನು ಎಣಿಸಬೇಕು. ಕಾಲೇಜಿನ ಹುಡುಗರು ಮೂವತ್ತಕ್ಕೆ ಎಣಿಕೆ ತಪ್ಪಿ ಮೊದಲಿಂದ ಶುರುಮಾಡುತ್ತಿದ್ದರೆ, ಇವಳು ನೂರಾ ಹದಿನಾಲ್ಕು ಎಂದು ಹೇಳಿ ಮುಂದಿನ ಬಂಡೆಗೆ ಹೋಗಿರುತ್ತಿದ್ದಳು. ಅವರು ಕೊಟ್ಟ ಪ್ರಮಾಣಪತ್ರ ಈಗ ಮನೆಯಲ್ಲಿ ಮಾವನವರ ಫೋಟೋದ ಪಕ್ಕದಲ್ಲಿದೆ.

ಬರುವಾಗ ಶಾಲೆಗೊಂದು ಗಾಜಿನ ತೊಟ್ಟಿಯೂ ಬಂತು. ಐವತ್ತು ಲೀಟರು ಸಮುದ್ರದ ನೀರು, ಶಂಖದ ಚಿಪ್ಪು ಹೊತ್ತು ತಿರುಗುವ ನಾಲ್ಕು ಸನ್ಯಾಸಿ ಏಡಿ, ಹೂವಿನಂತೆ ಅರಳಿ ಮುದುಡುವ ಒಂದು ಪ್ರಾಣಿ. ಮಕ್ಕಳು ಅದಕ್ಕೆ ಸೇವಂತಿಗೆ ಎಂದು ಹೆಸರಿಟ್ಟರು. ಜೊತೆಗೆ ನೀರನ್ನು ತಂಪಾಗಿಡಲು ಒಂದು ಪುಟ್ಟ ಫ್ಯಾನು, ಉಪ್ಪು ಅಳೆಯಲು ನೀರಿಗೆ ಇಳಿಬಿಡುವ ಗಾಜಿನ ಕಡ್ಡಿ, ನಾಲ್ಕು ಕ್ಯಾನು ಹೆಚ್ಚುವರಿ ಸಮುದ್ರದ ನೀರು. ಷರತ್ತು ಒಂದೇ: ದಿನಾ ನೀರಿನ ಉಪ್ಪು ಅಳೆದು ಪುಸ್ತಕದಲ್ಲಿ ಬರೆಯಬೇಕು, ಶನಿವಾರ ಅದರ ಫೋಟೋ ಕಳಿಸಬೇಕು. ನೋಡಿಕೊಳ್ಳಲಾಗದಿದ್ದರೆ ತೊಟ್ಟಿ ಬೇರೆ ಶಾಲೆಗೆ ಹೋಗುತ್ತದೆ.

ದಸರಾ ರಜೆ ಬಂತು. ಎಣಿಸುವ ಕೆಲಸ ಯಾವುದೇ ಇರಲಿ, ಸರ್ಕಾರಕ್ಕೆ ಮೇಷ್ಟ್ರುಗಳು ನೆನಪಾಗುತ್ತಾರೆ. ರಘುನಂದನ್ ಅವರನ್ನು ಸಮೀಕ್ಷೆಗೆಂದು ನಾಗಮಂಗಲದ ಹೊಣಕೆರೆ ಕಡೆಗೆ ಹಾಕಿದರು. ಅವರು ತೊಟ್ಟಿಯನ್ನು ಒಂಬತ್ತನೇ ತರಗತಿಯ ಅನುವಿಗೂ ಜಯಲಕ್ಷ್ಮಮ್ಮನಿಗೂ ಒಪ್ಪಿಸಿ, 'ಫ್ಯಾನು ಆಫ್ ಮಾಡಬೇಡಿ, ನೀರು ಕಡಿಮೆಯಾದರೆ ತುಂಬಿಸಿ' ಎಂದು ಚೀಟಿ ಅಂಟಿಸಿ ಹೋದರು. ಯಾವ ನೀರು ಎಂದು ಬರೆಯಲಿಲ್ಲ. ಗೊತ್ತಿರುವವರು ಸಾಮಾನ್ಯವಾಗಿ ಬರೆಯುವುದಿಲ್ಲ.

ಎರಡನೇ ದಿನವೇ ಉಪ್ಪು ಅಳೆಯುವ ಗಾಜಿನ ಕಡ್ಡಿ ಅನುವಿನ ಕೈಜಾರಿ ಒಡೆಯಿತು.

"ಅಳಬ್ಯಾಡ ಸುಮ್ನಿರವ್ವ. ನಮ್ ಡೇರೀಲಿ ಇನ್ನೊಂದೈತೆ" ಎಂದು ಜಯಲಕ್ಷ್ಮಮ್ಮ ಲ್ಯಾಕ್ಟೋಮೀಟರ್ ತಂದಳು. ಕಡ್ಡಿಯೂ ಇದೂ ಅಣ್ಣತಮ್ಮಂದಿರಂತೆಯೇ ಇದ್ದವು, ಮೇಲಿನ ಅಂಕಿಗಳ ಲೆಕ್ಕ ಮಾತ್ರ ಬೇರೆ. ತೊಟ್ಟಿಗೆ ಬಿಟ್ಟಾಗ ಇಪ್ಪತ್ತಮೂರಕ್ಕೆ ನಿಂತಿತು.

"ಇದೇನು, ಸಮುದ್ರಕ್ಕೂ ಯಾರೋ ನೀರು ಬೆರ್ಸವ್ರೆ?" ಎಂದಳು. ಅನು ನಕ್ಕಳು. ಜಯಲಕ್ಷ್ಮಮ್ಮ ಪೂರ್ತಿ ತಮಾಷೆಗೆ ಹೇಳಿರಲಿಲ್ಲ.

ಫ್ಯಾನಿನ ಗಾಳಿಗೆ ದಿನಕ್ಕೆ ಎರಡು ಲೀಟರಿನಷ್ಟು ನೀರು ಇಳಿಯುತ್ತಿತ್ತು.

"ನಲ್ಲಿ ನೀರು ಉಯ್ಲಾ ಅತ್ತೆ?" ಎಂದು ಅನು ಕೇಳಿದ್ದಳು.

"ಕಮ್ಮಿ ಆಗಿರಾದು ಸಮುದ್ರದ್ ನೀರು. ಅದನ್ನೇ ಉಯ್ಯಿ. ನಲ್ಲಿ ನೀರು ಉಯ್ಯಾಕೆ ಇದೇನು ತಿಮ್ಮರಾಜನ್ ಕ್ಯಾನಾ?"

ತಿಮ್ಮರಾಜು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ. ಅವನ ಹಾಲು ಹಿಂದಿನ ವಾರವಷ್ಟೇ ಇಪ್ಪತ್ತನಾಲ್ಕಕ್ಕೆ ನಿಂತು ವಾಪಸಾಗಿತ್ತು.

ದಿನಾ ಕ್ಯಾನಿನಿಂದ ಸಮುದ್ರದ ನೀರು ಹುಯ್ದರು. ಅಂಕಿ ಇಪ್ಪತ್ತನಾಲ್ಕಾಯಿತು, ಇಪ್ಪತ್ತಾರಾಯಿತು. ಜಯಲಕ್ಷ್ಮಮ್ಮನಿಗೆ ದಾರಿ ತಪ್ಪಿದವನು ಸುಧಾರಿಸುತ್ತಿರುವುದನ್ನು ನೋಡಿದಷ್ಟು ಸಮಾಧಾನ. ಎಂಟನೇ ದಿನ ಅಂಕಿ ಇಪ್ಪತ್ತೆಂಟು ಮುಟ್ಟಿತು. ಪುಸ್ತಕದಲ್ಲಿ ಕೆಂಪು ಪೆನ್ನಿನಿಂದ '28. ಪಾಸು' ಎಂದು ಬರೆದು ಸಹಿ ಹಾಕಿದಳು.

ಒಂಬತ್ತನೇ ದಿನ, ಶುಕ್ರವಾರ ಬೆಳಿಗ್ಗೆ, ಸೇವಂತಿಗೆ ಬೆರಣಿಯ ಚೂರಿನಂತೆ ಮುದುಡಿಕೊಂಡಿತ್ತು. ಒಂದು ಏಡಿ ಚಿಪ್ಪು ಬಿಟ್ಟು ಈಚೆ ಬಂದು, ಬರಿಮೈಯಲ್ಲಿ, ಮರಳಿನ ಮೇಲೆ ಸತ್ತು ಬಿದ್ದಿತ್ತು. ಮಿಕ್ಕ ಮೂರು ಚಿಪ್ಪಿನ ಬಾಯಿ ಮುಚ್ಚಿ ಕೂತಿದ್ದವು.

ಫೋನು ಮಾಡಿದಾಗ ಮೇಷ್ಟ್ರು ಹೊಣಕೆರೆಯಲ್ಲಿ ಯಾರದೋ ಜಗಲಿಯ ಮೇಲೆ ಫಾರಂ ತುಂಬುತ್ತಿದ್ದರು. ಏಡಿ ಸತ್ತದ್ದನ್ನೂ ಕಡ್ಡಿ ಒಡೆದು ಲ್ಯಾಕ್ಟೋಮೀಟರ್ ಬಿಟ್ಟದ್ದನ್ನೂ ಕೇಳಿಕೊಂಡರು.

"ಎಷ್ಟಿದೆ ಅಮ್ಮ?"

"ಇಪ್ಪತ್ತೆಂಟು. ಚೆನ್ನಾಗೈತೆ."

"ಅದು ಹಾಲಲ್ಲಮ್ಮ. ಇಪ್ಪತ್ತಮೂರೇ ಇರಬೇಕಿತ್ತು. ಏನು ಹುಯ್ದಿರಿ?"

"ಸಮುದ್ರದ್ ನೀರು."

"ಆರಿಹೋಗೋದು ಬರೀ ನೀರು. ಉಪ್ಪು ಅಲ್ಲೇ ಉಳಿಯುತ್ತೆ. ನೀವು ಉಪ್ಪಿನ ಮೇಲೆ ಉಪ್ಪು ಹುಯ್ದಿದ್ದೀರಿ. ಈಗ ತೊಟ್ಟಿ ನೀರು ಒಂದು ಚೆಂಬು ತೆಗೆದು, ಅದರ ಬದಲು ಬಾವಿ ನೀರು ಒಂದು ಚೆಂಬು ಹಾಕಿ. ಎರಡೆರಡು ಗಂಟೆಗೆ ಒಂದು ಸಲ. ಒಟ್ಟಿಗೆ ಹಾಕಿದರೆ ಉಳಿದವೂ ಸಾಯುತ್ತವೆ."

ತಾನು ಸೊಸೆಯಾಗಿ ಬಂದ ದಿನದಿಂದ ಕೆರೆಯ ನೀರು ಬತ್ತಿದ ಕಡೆ ಬಿಳಿ ಉಪ್ಪು ಏಳುವುದನ್ನು ಜಯಲಕ್ಷ್ಮಮ್ಮ ಪ್ರತಿ ಬೇಸಿಗೆ ನೋಡಿದ್ದಳು. ಆದರೆ ಅದು ಕೆರೆ, ಇದು ಶಾಲೆ. ಎರಡನ್ನೂ ಸೇರಿಸಿ ಯೋಚಿಸಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಚೆಂಬು ತಗೊಂಡಳು.

ಮಧ್ಯಾಹ್ನದ ಚೆಂಬು ಹುಯ್ಯುತ್ತಿರುವಾಗ ತಿಮ್ಮರಾಜು ಸುಣ್ಣಬಣ್ಣದವನನ್ನು ಕರೆದುಕೊಂಡು ಗೋಡೆ ತೋರಿಸಲು ಬಂದ. ಬಾಗಿಲಲ್ಲೇ ನಿಂತುಬಿಟ್ಟ.

"ಏನ್ ಜಯಕ್ಕ, ನೀನೇ ನೀರು ಉಯ್ತಾ ಇದ್ದೀಯ?"

"ಊಂ."

"ನಮ್ ಎಮ್ಮೆ ವಸಿ ನೀರು ಜಾಸ್ತಿ ಕುಡೀತು ಅಂದ್ರೆ ನಂಬಕಿಲ್ಲ. ಇಲ್ಲಿ ನೋಡುದ್ರೆ ಚೆಂಬು ಇಡ್ಕೊಂಡು ನಿಂತವ್ಳೆ." ಸತ್ತ ಏಡಿಯನ್ನೂ ಕೆಂಪು ಪೆನ್ನಿನ ಪಾಸನ್ನೂ ನೋಡಿದ. ಅನುವಿನಿಂದ ಮಿಕ್ಕದ್ದು ತಿಳಿದುಕೊಂಡ. ಆಮೇಲೆ ದನಿ ಇಳಿಸಿದ. "ಒಂದ್ ಆಳೆ ತಾನೆ, ಅರ್ದಾಕು. ಬೇರೆ ಆಳೆ ಮ್ಯಾಲೆ ದಿನಾ ಇಪ್ಪತ್ಮೂರು ಅಂತ ಬರ್ದ್ಬುಡು. ಕೆರೆ ಏರಿ ಕೆಳಗೆ ಬೇಕಾದಷ್ಟು ಏಡಿ ಅವೆ, ಒಂದ್ ತಂದು ಬುಟ್ರೆ ನಾಕಾಯ್ತು."

"ಅವು ಚಿಪ್ಪು ಒರಾಕಿಲ್ಲ ಕಣಪ್ಪ" ಎಂದಳು ಜಯಲಕ್ಷ್ಮಮ್ಮ.

"ಫೋಟೋದಲ್ಲಿ ಯಾರ್ ನೋಡ್ತಾರೆ. ನೋಡಕ್ಕ, ಈ ಇಚಾರ ನನ್ ಬಾಯಿಂದ ಈಚೆ ಬರಾಕಿಲ್ಲ. ನೀನೂ ನಮ್ ಕ್ಯಾನ್ ಬಂದಾಗ ವಸಿ ಕಣ್ಮುಚ್ಕೊ, ಆಯ್ತಾ?"

ಅವನು ಹೋದ ಮೇಲೆ ಜಯಲಕ್ಷ್ಮಮ್ಮ ಸ್ಟೂಲಿನ ಮೇಲೆ ಕೂತಳು. ಪುಟವನ್ನು ಇದ್ದಂತೆ ಕಳಿಸಿದರೆ ತೊಟ್ಟಿ ಹೋಗಬಹುದು. ಮಕ್ಕಳು ಅಳುತ್ತಾರೆ, ಆಮೇಲೆ ಮರೆಯುತ್ತಾರೆ. ಅವಳನ್ನು ಕೂರಿಸಿದ್ದು ಬೇರೆಯೇ ಚಿಂತೆ. ಊರಿನಲ್ಲಿ ಅವಳ ಅಂಕಿಗೆ ಇದ್ದದ್ದು ಒಂದೇ ಆಧಾರ: ಅದು ಯಾವತ್ತೂ ತಪ್ಪಿರಲಿಲ್ಲ. ಒಂದು ಸಲ ತಪ್ಪಿತೆಂದು ಗೊತ್ತಾದರೆ ವಾಪಸು ಹೋದ ಪ್ರತಿ ಕ್ಯಾನಿನ ಯಜಮಾನನಿಗೂ ಬಾಯಿ ಬರುತ್ತದೆ. ಹಾಳೆ ಹರಿದರೆ ಯಾರಿಗೂ ಗೊತ್ತಾಗುವುದಿಲ್ಲ, ತಿಮ್ಮರಾಜನಿಗೆ ಬಿಟ್ಟು. ಅವನ ಕ್ಯಾನು ನಾಳೆಯಿಂದ ಪಾಸಾಗುತ್ತದೆ. ನಾಡಿದ್ದು ಅವನ ಭಾವನದ್ದು.

"ಅತ್ತೆ, ವೈಟ್ನರ್ ಐತೆ" ಎಂದಳು ಅನು, ಮೆಲ್ಲಗೆ.

"ಮಡಿಕ್ಕೊ. ಪೆನ್ನು ಕೊಡು."

ಪಾಸು ಎಂಬುದರ ಮೇಲೆ, ಕೆಳಗಿನ ಅಕ್ಷರ ಕಾಣುವಂತೆ, ಒಂದು ಗೆರೆ ಎಳೆದಳು. ಶುಕ್ರವಾರದ ಸಾಲಿನಲ್ಲಿ 'ಸತ್ತ ಏಡಿ ಒಂದು' ಎಂದು ಬರೆದಳು. ಕಾರಣ ಎಂಬ ಜಾಗಕ್ಕೆ ಬಂದಾಗ ಸ್ವಲ್ಪ ಹೊತ್ತು ಬೇಕಾಯಿತು. 'ನೀರು ಆರಿದರೂ ಉಪ್ಪು ಉಳಿಯುತ್ತದೆ ಎಂದು ತಿಳಿಯದೆ ಉಪ್ಪುನೀರನ್ನೇ ಹುಯ್ಯಿಸಿದೆ. ಹಾಲಿಗೆ ಬೇಕಾದ ಡಿಗ್ರಿಯನ್ನು ಸಮುದ್ರಕ್ಕೂ ಬೇಕು ಎಂದುಕೊಂಡೆ. ಹುಡುಗಿ ನಲ್ಲಿ ನೀರು ಹುಯ್ಯಲೇ ಎಂದು ಕೇಳಿದ್ದಳು, ನಾನು ಬೇಡವೆಂದೆ. ಜಯಲಕ್ಷ್ಮಮ್ಮ, ಸ್ವಯಂಸೇವಕಿ.'

"ನನ್ ವಿಷ್ಯ ಯಾಕತ್ತೆ?"

"ನೀನು ಕೇಳಿದ್ದು ದಿಟ ಅಲ್ವಾ. ನಾಳೆ ಇದನ್ನ ಕಳ್ಸು. ಇನ್ನೊಂದು ಆಳೇಲಿ ಇಂಗೇ ಬರ್ದು ಆಚೆ ಗೋಡೆಗೆ ಅಂಟ್ಸು."

ಶನಿವಾರ ಸಂಜೆಗೆ ಅಂಕಿ ಇಪ್ಪತ್ತಾರಕ್ಕೆ ಇಳಿಯಿತು. ಭಾನುವಾರ ಎರಡು ಏಡಿ ತಲೆ ಹೊರಗೆ ಹಾಕಿದವು. ಮೂರನೆಯದರ ವಿಷಯ ಹೇಳುವಂತಿರಲಿಲ್ಲ, ಸೇವಂತಿಗೆಯದೂ ಅಷ್ಟೆ. ಕೇಂದ್ರದಿಂದ ಉತ್ತರ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಡೇರಿಯ ಸಾಲಿನಲ್ಲಿ ತಿಮ್ಮರಾಜನ ಹಾಲು ಇಪ್ಪತ್ತೈದಕ್ಕೆ ನಿಂತಿತು.

"ವಾಪಸ್ಸು" ಎಂದಳು ಜಯಲಕ್ಷ್ಮಮ್ಮ.

"ನೋಡ್ಕೊಂಡ್ ಏಳಕ್ಕ. ಸಮುದ್ರದ್ ಇಚಾರ ಇವ್ರಿಗೆಲ್ಲ ಏಳ್ಬೇಕಾಯ್ತದೆ."

"ಇಸ್ಕೂಲ್ ಗೋಡೆ ಮ್ಯಾಲೆ ಅಂಟ್ಸೈತೆ. ಓದಾಕ್ ಬರ್ದಿದ್ರೆ ಅನುನ ಕೇಳು, ಓದೇಳ್ತಾಳೆ."

ಸಾಲಿನಲ್ಲಿ ಒಬ್ಬಿಬ್ಬರು ನಕ್ಕರು. ಶನಿವಾರವೇ ಓದಿದ್ದವರು ನಗಲಿಲ್ಲ, ಅವಳ ಕೈಯಲ್ಲಿದ್ದ ಲ್ಯಾಕ್ಟೋಮೀಟರನ್ನು ನೋಡಿದರು.

"ಅಂಗಾದ್ರೆ ಇನ್ನೊಂದ್ಸಲ ಬುಟ್ಟು ನೋಡು" ಎಂದ ತಿಮ್ಮರಾಜು. "ನಾವೂ ನೋಡ್ತೀವಿ."

ಅವಳು ಇಪ್ಪತ್ತೆರಡು ವರ್ಷದಲ್ಲಿ ಯಾರಿಗೂ ಎರಡನೇ ಸಲ ಬಿಟ್ಟು ತೋರಿಸಿರಲಿಲ್ಲ. ಲ್ಯಾಕ್ಟೋಮೀಟರನ್ನು ತೊಳೆದು, ಒರೆಸಿ, ಮತ್ತೆ ಬಿಟ್ಟಳು. ನಾಲ್ಕು ತಲೆಗಳು ಬಗ್ಗಿದವು. ಇಪ್ಪತ್ತೈದು. ತಿಮ್ಮರಾಜು ಕ್ಯಾನು ಎತ್ತಿಕೊಂಡು ಹೋದ. ಅವನ ಹಿಂದಿದ್ದವನ ಹಾಲು ಮೂವತ್ತಕ್ಕೆ ನಿಂತಿತು. ಅವನೂ ಇನ್ನೊಂದು ಸಲ ನೋಡಬೇಕೆಂದ, ಅವನಿಗೂ ತೋರಿಸಿದಳು. ಅಂದು ಹಾಲಿನ ಲಾರಿ ಇಪ್ಪತ್ತು ನಿಮಿಷ ಕಾಯಬೇಕಾಯಿತು. ಡ್ರೈವರು ಬೈದ. ನಾಳೆಯಿಂದ ಇಪ್ಪತ್ತು ನಿಮಿಷ ತಡವಾಗಿ ಬಾ ಎಂದು ಜಯಲಕ್ಷ್ಮಮ್ಮ ಅವನಿಗೆ ಹೇಳಿದಳು.