ತೊಲೆಯ ತುದಿ

ಸೊಸೆ ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. ಬಾಲ್ಕನಿಯ ಮೇಲೆ ಮಾತ್ರ ಅರವತ್ತು ಡ್ರಮ್ಮುಗಳು ಗಟಗಟನೆ ನೀರು ಕುಡಿಯುತ್ತಿದ್ದವು.

ನಾಲ್ಕು ತಲೆಮಾರಿನಿಂದ ಮನೆಯವರೇ ನಡೆಸಿಕೊಂಡು ಬಂದ ಸಭಾಭವನ ಅದು. ಹನ್ನೊಂದು ತಿಂಗಳ ಹಿಂದೆ ವೇದಿಕೆಯ ಪರದೆಗೆ ಹತ್ತಿದ ಬೆಂಕಿ ಚಾವಣಿಯನ್ನೂ ಕುರ್ಚಿಗಳನ್ನೂ ನುಂಗಿ, ಬಾಲ್ಕನಿಯನ್ನು ನೆಕ್ಕಿ ಹೋಗಿತ್ತು. ಅವತ್ತು ಒಳಗಿದ್ದ ಮುನ್ನೂರು ಜನರನ್ನು ಗದರಿ, ತಳ್ಳಿ ಹೊರಗಟ್ಟಿದವಳು ಇವಳೇ. ಅದಾದ ಮೇಲೆ ಕೀಲಿಗೊಂಚಲು ಮಾವನ ಸೊಂಟದಿಂದ ಇವಳ ಕೈಗೆ ಬಂತು; ಯಜಮಾನಿಕೆ ಮಾತ್ರ ಇನ್ನೂ ಅಲ್ಲೇ ನೇತಾಡುತ್ತಿತ್ತು.

ಚಾವಣಿ ಹೊಸದಾಗಿತ್ತು. ಬಾಲ್ಕನಿಯನ್ನು ಹೊತ್ತ ನಾಲ್ಕು ತೊಲೆಗಳಲ್ಲಿ ಮೂರು ಹೊಸವು. ನಾಲ್ಕನೆಯದು ಮೇಲೆ ಕಪ್ಪಾಗಿದ್ದರೂ ಒಳಗೆ ಕಬ್ಬಿಣದ ಹಾಗಿದೆ, ಅದನ್ನು ಮುಟ್ಟಕೂಡದು ಎಂದು ಮಾವ ಪಟ್ಟು ಹಿಡಿದಿದ್ದರು. ಇಂಜಿನಿಯರಮ್ಮ ಹತ್ತು ಕಡೆ ಸಣ್ಣ ತೂತು ಕೊರೆದು ನೋಡಿ ಹೂಂ ಅಂದಿದ್ದಳು. ಆದರೂ ಭಾರ ಹೊರಿಸಿ ನೋಡದೆ ಸಹಿ ಹಾಕಲಾರೆ ಎಂದಳು. ಅದಕ್ಕೇ ಈ ಡ್ರಮ್ಮುಗಳು.

ಬಾಲ್ಕನಿಯ ಮೇಲಾಗಲಿ ಕೆಳಗಾಗಲಿ ಯಾರೂ ಇರುವಂತಿರಲಿಲ್ಲ. ಎಲ್ಲರೂ ಬಾಗಿಲ ಬಳಿ ನಿಂತಿದ್ದರು. ಅಂಗಳದ ನಲ್ಲಿಯ ಹತ್ತಿರ ಗಂಡ. ದೂರದರ್ಶಕದ ಹಿಂದೆ ಇಂಜಿನಿಯರಮ್ಮ. ತೊಲೆಯ ನಡುವೆ ಸಿಕ್ಕಿಸಿದ್ದ ಅಳತೆಯ ಮುಳ್ಳು ನೋಡಿ, ತೊಲೆ ಎಷ್ಟು ಬಾಗಿತೆಂದು ಅವಳು ಓದಬೇಕು. ಒಂಬತ್ತು ಮಿಲಿಮೀಟರಿನವರೆಗೆ ಚಿಂತೆಯಿಲ್ಲ.

"ಅರ್ಧ ತುಂಬಿತು. ಮೂರು," ಅಂದಳು.

"ನಾನು ಹೇಳಿರ್ಲಿಲ್ವಾ?" ಮಾವ ಎದೆ ಸೆಟೆಸಿದರು. "ತುಂಬ್ಸೋ!"

ಮುಕ್ಕಾಲು ತುಂಬುವ ಹೊತ್ತಿಗೆ ಮುಳ್ಳು ಐದಕ್ಕೆ ಬಂತು. ಎಲ್ಲವೂ ಸರಿಯಾಗಿಯೇ ಇತ್ತು. ಸೊಸೆಯ ಕಣ್ಣು ಮಾತ್ರ ಬಡಗಿಯ ಮೇಲೆ ಬಿತ್ತು. ಮೂವತ್ತು ವರ್ಷದಿಂದ ಈ ಮನೆಯ ಮರದ ಕೆಲಸವೆಲ್ಲ ಅವನದೇ. ಎಂಥ ಕಷ್ಟದಲ್ಲೂ ನಗೆಚಾಟಿಕೆ ಬಿಡದವನು. ಇವತ್ತು ಅವನು ತೊಲೆಯನ್ನು ನೋಡುತ್ತಲೇ ಇರಲಿಲ್ಲ. ತೊಲೆ ಗೋಡೆಯೊಳಗೆ ಸೇರುವ ಜಾಗಕ್ಕೆ ದೃಷ್ಟಿ ನೆಟ್ಟು, ತುಟಿ ಕಚ್ಚಿಕೊಂಡು ನಿಂತಿದ್ದ.

ಅವಳು ಅವನ ಪಕ್ಕಕ್ಕೆ ಸರಿದಳು. "ಏನಾಯ್ತು?"

"ಏನಿಲ್ಲಮ್ಮ."

"ಗೋಡೆ ಒಳಗಿನ ತುದಿ ನೀವು ಬಿಚ್ಚಿ ನೋಡಿದ್ರಿ ತಾನೆ? ಚೆನ್ನಾಗಿದೆ ಅಂತ ಇಂಜಿನಿಯರಮ್ಮನಿಗೆ ಹೇಳಿದ್ದು ನೀವೇ ಅಲ್ವಾ?"

ಬಡಗಿ ಮಾವನ ಕಡೆ ನೋಡಿದ. ಅಷ್ಟೇ ಸಾಕಾಯಿತು.

ಅವಳು ಅಂಗಳದ ಕಡೆ ತಿರುಗಿದಳು. "ನಲ್ಲಿ ನಿಲ್ಲಿಸಿ!" ಎಂದು ಕೂಗಿದಳು.

"ನಿಲ್ಲಿಸ್ಬೇಡ!" ಮಾವನ ದನಿ ಅದಕ್ಕಿಂತ ಜೋರು. "ಇನ್ನು ಕಾಲು ಭಾಗ ಅಷ್ಟೇ!"

"ಅಪ್ಪ ಹೇಳಿದ್ದು ಕೇಳ್ಲಾ, ನೀನು ಹೇಳಿದ್ದು ಕೇಳ್ಲಾ?" ಗಂಡ ನಲ್ಲಿಯ ಮೇಲೆ ಕೈಯಿಟ್ಟು ಬೆಪ್ಪಾದ. "ಇಬ್ಬರೂ ಸೇರಿ ಒಂದು ಮಾತು ಹೇಳಿ!"

ಅವಳು ಅಂಗಳಕ್ಕೆ ಓಡಿ ತಾನೇ ನಲ್ಲಿ ತಿರುಗಿಸಿದಳು. ಅದೇ ಗಳಿಗೆಗೆ ಒಳಗಿನಿಂದ ಒಂದು ಸದ್ದು ಬಂತು. ದೊಡ್ಡದೇನಲ್ಲ, ಒಣ ಕಾಯಿಯನ್ನು ಹಲ್ಲಲ್ಲಿ ಕಡಿದ ಹಾಗೆ.

"ಏಳು," ಅಂದಳು ಇಂಜಿನಿಯರಮ್ಮ. ಉಸಿರು ಬಿಡದೆ ಮತ್ತೆ ಹೇಳಿದಳು, "ಏಳೂವರೆ. ನೀರು ನಿಂತಿದೆ, ಆದ್ರೂ ಇಳೀತಿದೆ. ಎಲ್ರೂ ಆಚೆ ಹೋಗಿ. ಡ್ರಮ್ಮು ಖಾಲಿ ಮಾಡಿ, ಈಗಲೇ!"

ಡ್ರಮ್ಮುಗಳ ಬುಡಕ್ಕೆ ಜೋಡಿಸಿದ್ದ ಕೊಳವೆಯ ಬಾಯನ್ನು ಅಂಗಳದಲ್ಲಿ ಬಿಚ್ಚಿದರು. ನೀರು ಅಂಗಳಕ್ಕೆ ಹರಿಯತೊಡಗಿತು. ಮುಕ್ಕಾಲು ಗಂಟೆ ಹರಿಯಿತು. ಒಮ್ಮೆ ಗಾರೆಯ ಚೂರೊಂದು ಟಪ್ಪೆಂದು ನೆಲಕ್ಕೆ ಬಿದ್ದಾಗ ಗಂಡ ಅವಳ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ, ಬೆರಳಿನ ಗುರುತು ಮೂರು ದಿನ ಉಳಿಯಿತು.

ಕೊನೆಯ ಡ್ರಮ್ಮು ಬರಿದಾದ ಮೇಲೆ ಬಡಗಿ ಬಾಯಿಬಿಟ್ಟ. "ಬಿಚ್ಚಿ ನೋಡಿರ್ಲಿಲ್ಲಮ್ಮ. ಅಲ್ಲಿ ಕೈ ಇಟ್ರೆ ಗಾರೆ ಬಳ್ಳಿ ಉದುರುತ್ತೆ ಅಂತ ಯಜಮಾನರು ಬೇಡ ಅಂದ್ರು. ಅವರ ಮಾತು ತೆಗೆದುಹಾಕೋಕೆ ಆಗ್ಲಿಲ್ಲ. ತಪ್ಪು ನಂದೇ."

ಗೋಡೆಯ ಆಚೆ ಮುಖಕ್ಕೆ, ಮೊಗಸಾಲೆಯಲ್ಲಿ, ಗಾರೆಯಲ್ಲಿ ಮೂಡಿಸಿದ ಆ ಬಳ್ಳಿಯ ಚಿತ್ತಾರ ಇತ್ತು. ಮಾವನ ತಾಯಿ ಕೆಲಸದವರ ಜೊತೆ ಅಟ್ಟಣಿಗೆ ಹತ್ತಿ ತನ್ನ ಬೆರಳಿನಿಂದಲೇ ಎಲೆ ಎಲೆಯಾಗಿ ತೀಡಿದ್ದು. ಬೆಂಕಿ ಅಲ್ಲಿಯವರೆಗೆ ಬಂದಿರಲಿಲ್ಲ. ತಾಯಿಯ ಕೈಯ ಗುರುತು ಅಂತ ಉಳಿದಿದ್ದು ಅದೊಂದೇ.

ಮಾವನನ್ನು ಬೈಯುವ ಮಾತು ಸೊಸೆಯ ಬಾಯಿಗೆ ಬಂದಿತ್ತು. ಇನ್ನೂರು ಜನ ಮೇಲೆ ಕೂತಿದ್ದರೆ ಏನು ಗತಿ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಬೇಕೆಂದು ತಿರುಗಿದಳು. ಮಾವ ಅಲ್ಲಿರಲಿಲ್ಲ.

ಅವರು ಮೊಗಸಾಲೆಯಲ್ಲಿ ಒಂದು ಬೆಂಚಿನ ಮೇಲೆ ನಿಂತಿದ್ದರು. ಬಡಗಿಯ ಚೀಲದಿಂದ ಸುತ್ತಿಗೆ ತೆಗೆದುಕೊಂಡಿದ್ದರು.

"ಮಾವ, ಮೇಸ್ತ್ರಿ ಬರಲಿ. ಬಿಡಿ."

"ಬೇರೆಯವರು ಯಾಕೆ ಮುಟ್ಬೇಕು?" ಎಂದರು. ಗೋಡೆಗೆ ಒಮ್ಮೆ ಅಂಗೈ ಒತ್ತಿ, ಆಮೇಲೆ ಹೊಡೆದರು. ಎಲೆಗಳು ಪುಡಿಪುಡಿಯಾಗಿ ಅವರ ತೋಳಿನ ಮೇಲೆ, ರೆಪ್ಪೆಯ ಮೇಲೆ ಬಿದ್ದವು. ಇಟ್ಟಿಗೆ ಸರಿದ ಮೇಲೆ ತೊಲೆಯ ತುದಿ ಕಂಡಿತು. ಬೆಂಕಿ ಗೋಡೆಯ ಸಂದಿಯಲ್ಲಿ ನುಸುಳಿ ದಿನಗಟ್ಟಲೆ ಒಳಗೊಳಗೇ ಉರಿದಿರಬೇಕು. ಮಾವ ಬೆರಳಿಟ್ಟರು. ಬೆರಳು ಗಿಣ್ಣಿನವರೆಗೂ ಮರದೊಳಗೆ ಹೋಯಿತು.

ಅವರು ಬೆರಳನ್ನು ಹೊರತೆಗೆದು ನೋಡಿದರು. "ನಿನ್ನ ಮಕ್ಕಳೂ ಮೇಲೆ ಕೂರ್ತಿದ್ವು," ಎಂದರು. ಸೊಸೆ ಸುತ್ತಿಗೆಯನ್ನು ಮೆಲ್ಲಗೆ ಅವರ ಕೈಯಿಂದ ಬಿಡಿಸಿಕೊಂಡಳು.

ಹೊಸ ತೊಲೆ ಬರಲು ಎರಡು ತಿಂಗಳಾಯಿತು. ಮತ್ತೆ ಅರವತ್ತು ಡ್ರಮ್ಮು ತುಂಬಿಸಿದರು, ಮುಳ್ಳು ನಾಲ್ಕಕ್ಕೆ ನಿಂತಿತು. ಬಡಗಿ ಕೆಲಸ ಬಿಡುತ್ತೇನೆಂದು ಬಂದಾಗ, "ಮೊದಲು ಮೆಟ್ಟಿಲಿನ ಕಟಾಂಜನ ಮುಗಿಸಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಿ," ಎಂದಳು ಸೊಸೆ. ಅವನು ಹೋಗಲಿಲ್ಲ.

ಮೊದಲ ಕಾರ್ಯಕ್ರಮ ಶಾಲಾ ಮಕ್ಕಳ ಹಾಡು. ಮೇಲೆ ಕೂತವರು ಚಪ್ಪಾಳೆಗೆ ಕಾಲನ್ನೂ ಸೇರಿಸಿ ಬಡಿದರು. ಅವಳು ಬಾಲ್ಕನಿಯ ಕೆಳಗೆ ಕತ್ತೆತ್ತಿ ನಿಂತಿದ್ದಳು. ಒಂದು ಹಾಡೂ ಕಿವಿಗೆ ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ಮಾವ ಒಂದು ಕುರ್ಚಿ ತಂದು ಅವಳ ಪಕ್ಕ ಹಾಕಿದರು. ತಮಗೊಂದು ತಂದರು. ಇಬ್ಬರೂ ವೇದಿಕೆಗೆ ಬೆನ್ನು ಹಾಕಿ ಕೂತು ತೊಲೆಗಳನ್ನೇ ನೋಡಿದರು, ಕಾರ್ಯಕ್ರಮ ಮುಗಿಯುವವರೆಗೂ.